ದೊಡ್ಡದು ಮಾಡಿ ತೋರಿಸದ ಸ್ಕೋಪು

ನಮ್ಮ ಲಾರ್ಕಿನ್ ಊರಿನಲ್ಲಿ ಕೇಪಿನ ಕೋವಿ ಹಿಡಿದು ಬೇಟೆಗೆ ಹೋಗುವವರನ್ನು ಉಳಿದವರು ಅರೆಹುಚ್ಚರೆಂದೇ ತಿಳಿದಿದ್ದಾರೆ. ಅದರಲ್ಲಿ ತಪ್ಪೂ ಇಲ್ಲ. ಇರುವುದು ಒಂದೇ ಗುಂಡು. ಅದು ತಪ್ಪಿತೆಂದರೆ ಮತ್ತೆ ಮೂತಿಯಿಂದ ಮದ್ದು ಸುರಿದು, ಗುಂಡು ತುರುಕಿ, ಗಜ ಹಾಕಿ ಜಡಿದು, ಮದ್ದಿಗೆ ಕಿಡಿ ಕೊಡುವ ಕೇಪು ಸಿಕ್ಕಿಸುವಷ್ಟರಲ್ಲಿ, ಕಡವೆಗೆ ದೊಡ್ಡಣ್ಣನಂಥ ಎಲ್ಕ್ ಗುಡ್ಡ ದಾಟಿ ಪಕ್ಕದ ವ್ಯೋಮಿಂಗ್ ರಾಜ್ಯವನ್ನೇ ಸೇರಿರುತ್ತದೆ. ಆದರೂ ನವೆಂಬರ್ ಕೊನೆಗೆ, ದೊಡ್ಡ ರೈಫಲ್ಲಿನವರ ಗದ್ದಲವೆಲ್ಲ ಮುಗಿದು ಹಿಮ ಮೊಣಕಾಲಿಗೆ ಬಂದ ಮೇಲೆ, ಇವರಿಗೆಂದೇ ಬಿಟ್ಟುಕೊಟ್ಟ ಹದಿನೈದು ದಿನಗಳಿಗಾಗಿ ಇವರು ವರ್ಷವಿಡೀ ಕಾಯುತ್ತಾರೆ. ಆರ್ಡನ್ ವಿಕಮ್ ಹೀಗೆ ಮೂವತ್ತೆಂಟು ವರ್ಷ ಕಾದವನು.

ಅವನು ಕೌಂಟಿಯ ಹಿಮ ತಳ್ಳುವ ಲಾರಿಯ ಡ್ರೈವರ್ ಆಗಿದ್ದು ನಿವೃತ್ತನಾದ. ಮಾತು ಕಡಿಮೆ. ಇಗರ್ಜಿಯಲ್ಲಿ ಕುರ್ಚಿ ಜೋಡಿಸುವುದು ಅವನ ಕೆಲಸ, ಪ್ರಾರ್ಥನೆ ಹೇಳಲು ಕರೆದರೆ ಮಾತ್ರ ಕೆಮ್ಮು ಬರುತ್ತಿತ್ತು. ಆದರೆ ಕೈ ಬಂಗಾರದ್ದು. ಅರ್ಧ ಊರಿನ ರೈಫಲ್ಲುಗಳ ಮೇಲೆ ಗುರಿ ನೋಡುವ ದುರ್ಬೀನುಗಳನ್ನು, ಅಂದರೆ ಸ್ಕೋಪುಗಳನ್ನು, ಕೂರಿಸಿದವನು ಅವನೇ. ಗುರಿ ತಪ್ಪುತ್ತಿದೆ ಎಂದು ಯಾರಾದರೂ ಗೋಳಾಡಿಕೊಂಡು ಬಂದರೆ ಅವನದು ಒಂದೇ ಮಾತು. “ಮೊದ್ಲು ಸ್ಕ್ರೂ ನೋಡು, ಆಮೇಲೆ ದೇವ್ರನ್ನ ಬಯ್ಯಿ.” ಹತ್ತಕ್ಕೆ ಒಂಬತ್ತು ಸಲ ಸ್ಕ್ರೂ ಸಡಿಲವಾಗಿಯೇ ಇರುತ್ತಿತ್ತು.

ತನ್ನ ಕೇಪಿನ ಕೋವಿಗೆ ಮಾತ್ರ ಅವನು ಸ್ಕೋಪು ಹಾಕಿದವನಲ್ಲ. ಹಾಕುವಂತೆಯೂ ಇರಲಿಲ್ಲ. ಆ ಹದಿನೈದು ದಿನಗಳಲ್ಲಿ ಕಾಯಿದೆ ಪ್ರಕಾರ ನಳಿಗೆಯ ತುದಿಯ ಗುರಿಮಣಿಯನ್ನು ನೋಡಿಕೊಂಡೇ ಹೊಡೆಯಬೇಕು.

ಹೋದ ವರ್ಷ ಆ ಗುರಿಮಣಿ ಅವನಿಗೆ ಕೈಕೊಟ್ಟಿತು. ಒಂದು ಹೆಣ್ಣು ಎಲ್ಕ್ ಎಂಬತ್ತು ಹೆಜ್ಜೆ ದೂರದಲ್ಲಿ ಪಕ್ಕೆ ಕೊಟ್ಟು ನಿಂತಿತ್ತು. ಈಡು ಹೊಟ್ಟೆಗೆ ಬಿತ್ತು. ಎರಡು ದಿನ ಅವನು, ಅವನ ಹೆಂಡತಿಯ ತಮ್ಮ ಗೇಲನ್ ಇಬ್ಬರೂ ರಕ್ತದ ಜಾಡು ಹಿಡಿದು ಹುಡುಕಿದರು.

“ಭಾವ, ರಕ್ತದ ಮೇಲೇ ನಿಂತಿದ್ದೀಯಲ್ಲ, ಕಾಣಲ್ವಾ ನಿಂಗೆ?” ಎಂದು ಗೇಲನ್ ಕೂಗಿದಾಗ ಆರ್ಡನ್ ಬಗ್ಗಿ ನೋಡಿದ. ಬಿಳಿ ಹಿಮವೇ ಕಂಡಿತು. ಎರಡನೆಯ ಸಂಜೆ ಮತ್ತೆ ಹಿಮ ಬಿದ್ದು ಜಾಡೆಲ್ಲ ಮುಚ್ಚಿಹೋಯಿತು. ಆ ಪ್ರಾಣಿ ಎಲ್ಲಿ ಮಲಗಿ ಎಷ್ಟು ದಿನ ನರಳಿತೋ ಎಂಬುದು ಆರ್ಡನ್‌ಗೆ ಕೊನೆಗೂ ತಿಳಿಯಲಿಲ್ಲ. ಇನ್ನು ಅನುಮಾನವಿಲ್ಲದೆ ಗುರಿ ಹಿಡಿಯಲಾಗದಿದ್ದರೆ ಗುಡ್ಡಕ್ಕೆ ಕಾಲಿಡುವುದಿಲ್ಲ ಎಂದು ಹೆಂಡತಿ ನೋಲಾಳ ಮುಂದೆ ಹೇಳಿದ. ಹೇಳಿದ ಮೇಲೆ ಮೀರುವ ಜಾಯಮಾನದವನಲ್ಲ.

ಒಂದೇ ದಾರಿ ಉಳಿದಿತ್ತು. ದೃಷ್ಟಿ ಮಂದವಾದವರಿಗೆ, ಕಣ್ಣಿನ ಡಾಕ್ಟರ್ ಬರೆದುಕೊಟ್ಟರೆ, ವನ್ಯಜೀವಿ ಇಲಾಖೆಯವರು ಸ್ಕೋಪಿಗೆ ಪರವಾನಗಿ ಕೊಡುತ್ತಿದ್ದರು. ಅದೂ ಏನನ್ನೂ ದೊಡ್ಡದು ಮಾಡಿ ತೋರಿಸದ ಸ್ಕೋಪು, ನಡುವೆ ಗುರಿಯ ಗೆರೆಗಳು ಮಾತ್ರ.

“ದೊಡ್ಡದು ಮಾಡಲ್ಲ ಅಂದ್ರೆ ಅದು ಸ್ಕೋಪ್ ಹೆಂಗಾಗುತ್ತೆ ಭಾವ?” ಎಂದು ಗೇಲನ್ ಛೇಡಿಸಿದ. “ನಮ್ಮನೆ ಹಿತ್ಲಲ್ಲಿ ಒಂದು ಪೈಪ್ ತುಂಡಿದೆ, ಅದನ್ನೇ ಕಟ್ಟಿಕೋ.”

“ಮೊದ್ಲು ನಿನ್ನ ಬಾಯಿಗೆ ಕಟ್ತೀನಿ ಅದನ್ನ,” ಎಂದ ಆರ್ಡನ್.

ಲಾರಿ ಓಡಿಸುತ್ತಿದ್ದಾಗಿನ ಕೊನೆಯ ವರ್ಷಗಳಲ್ಲಿ ಅವನು ಕಣ್ಣಿನ ಪರೀಕ್ಷೆಯ ಅಕ್ಷರಗಳನ್ನು ಬಾಯಿಪಾಠ ಮಾಡಿ ಪಾಸಾಗಿದ್ದ. ಈಗ ಫೇಲಾಗಬೇಕಾಗಿತ್ತು. ಎಷ್ಟು ಸಾಲು ತಪ್ಪಾಗಿ ಓದಿದರೆ ಪರವಾನಗಿ ಸಿಗುತ್ತದೆ, ಆದರೆ ಪಿಕಪ್ ಓಡಿಸುವುದಕ್ಕೆ ತೊಂದರೆಯಾಗುವುದಿಲ್ಲ ಎಂದು ಡಾಕ್ಟರ ಬಳಿಗೆ ಹೋಗುವ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ದೊಡ್ಡ ಊರಿನ ಕಣ್ಣಿನ ಡಾಕ್ಟರಮ್ಮ ಅಕ್ಷರ ಓದಿಸಲೇ ಇಲ್ಲ. ಯಂತ್ರಕ್ಕೆ ಗದ್ದ ಆನಿಸಿ ಕೂರಿಸಿದಳು. ನಾಟಕ ಮಾಡುವ ಪ್ರಮೇಯವೇ ಬರಲಿಲ್ಲ.

“ಎರಡೂ ಕಣ್ಣಿನ ಒಳಪರದೆಯ ನಡುಭಾಗ ಸವೀತಾ ಬಂದಿದೆ, ವಿಕಮ್ ಅವರೇ. ಅಂಚಿನ ದೃಷ್ಟಿ ಉಳಿಯುತ್ತೆ. ನಡುವಿನದು ಹೋಗಿದ್ದು ವಾಪಸ್ ಬರಲ್ಲ. ಇವತ್ತಿಂದ ಗಾಡಿ ಓಡಿಸಬೇಡಿ.”

“ಸ್ಕೋಪಿನ ಕಾಗದಕ್ಕೆ ಸಹಿ ಹಾಕ್ತೀರಾ?”

“ಹಾಕ್ತೀನಿ. ಆದ್ರೆ ಅದರಿಂದ ಪ್ರಯೋಜನ ಆಗುತ್ತೆ ಅಂತ ನಾನು ಹೇಳಲ್ಲ.”

ಆರ್ಡನ್ ಕೇಳಿಸಿಕೊಂಡದ್ದು ‘ಹಾಕ್ತೀನಿ’ ಎಂಬ ಒಂದೇ ಮಾತು. ಪಕ್ಕದಲ್ಲಿದ್ದ ನೋಲಾ ಪೂರ್ತಿ ಕೇಳಿಸಿಕೊಂಡಳು. ಪಾರ್ಕಿಂಗಿನಲ್ಲಿ ಕೈ ಚಾಚಿದಳು. “ಕೀ ಕೊಡು.” ಅವನು ಕೊಟ್ಟ. ಮನೆಗೆ ಎಪ್ಪತ್ತು ಮೈಲಿ, ಅವಳೇ ಓಡಿಸಿದಳು.

ಸ್ಕೋಪು ಆರಿಸಲು ಅವನು ಮೂರು ವಾರ ತೆಗೆದುಕೊಂಡ. ಕೇಪಿನ ಕೋವಿಯ ಒದೆತ ಜೋರು, ಕಣ್ಣಿನಿಂದ ನಾಲ್ಕು ಬೆರಳಾದರೂ ದೂರ ನಿಂತು ಪೂರ್ತಿ ಕಾಣುವಂಥದ್ದು ಬೇಕು, ಇಲ್ಲದಿದ್ದರೆ ಹುಬ್ಬು ಸೀಳುತ್ತದೆ. ಗೆರೆ ದಪ್ಪವಿರಬೇಕು. ಕೇಪಿಗೆ ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಕೇಪು ಸಿಕ್ಕಿಸಲು ಹೆಬ್ಬೆರಳಿಗೆ ಜಾಗವಿರಬೇಕು. ನೋಲಾ ಕ್ಯಾಟಲಾಗು ಓದಿ ಹೇಳುತ್ತಿದ್ದಳು, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳಿಗೆ ಇದೆಲ್ಲ ವ್ಯರ್ಥವೆಂದು ಗೊತ್ತಿತ್ತು. ಆದರೂ ಪುಟ ತಿರುವಿ ಮುಂದಿನದನ್ನು ಓದುತ್ತಿದ್ದಳು.

ಕೂರಿಸುವ ಕೆಲಸ ಗ್ಯಾರೇಜಿನಲ್ಲಿ ನಡೆಯಿತು. ನಳಿಗೆಯ ಮೇಲಿನ ಸ್ಕ್ರೂ ತೂತುಗಳಲ್ಲಿದ್ದ ಹಳೆಯ ಜಿಡ್ಡನ್ನು ಸ್ಪಿರಿಟ್ಟಿನಲ್ಲಿ ತೊಳೆದ. ಅಡಿಪಟ್ಟಿ ಇಟ್ಟು, ಸ್ಕ್ರೂ ಸಡಿಲವಾಗದಂತೆ ಒಂದೊಂದಕ್ಕೂ ಒಂದೊಂದು ಹನಿ ಅಂಟು ಹಾಕಿ ಬಿಗಿದ. ಪಟ್ಟಿಯ ಮೇಲಿನ ಉಕ್ಕಿನ ಬಳೆಗಳಲ್ಲಿ ಸ್ಕೋಪು ಮಲಗಿಸಿ, ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ, ನಾಲ್ಕೂ ಸ್ಕ್ರೂ ಒಂದೇ ಸಮ ಬರುವಂತೆ ನೋಡಿಕೊಂಡ. ಕೈ ಎಲ್ಲವನ್ನೂ ತಾನೇ ಮಾಡುತ್ತಿತ್ತು, ಕಣ್ಣಿನ ಹಂಗೇ ಇರಲಿಲ್ಲ. ಬಹಳ ತಿಂಗಳ ಮೇಲೆ ಅವನ ಗಂಟಲಿನಿಂದ ಒಂದು ಹಾಡಿನ ಗುನುಗು ಕೇಳಿ ನೋಲಾ ಅಡುಗೆಮನೆಯಲ್ಲಿ ನಲ್ಲಿ ನಿಲ್ಲಿಸಿ ಕಿವಿಗೊಟ್ಟಳು.

ಆಮೇಲೆ ಕೋವಿಯನ್ನು ಭುಜಕ್ಕೇರಿಸಿ ಕಣ್ಣಿಟ್ಟ. ಬೆಳಕಿನ ದುಂಡು ಚೆನ್ನಾಗಿಯೇ ಕಂಡಿತು. ಗೆರೆಗಳು ನಾಲ್ಕೂ ಕಡೆಯಿಂದ ಒಳಕ್ಕೆ ಬರುತ್ತಿದ್ದವು. ಅವು ಕೂಡಬೇಕಾದ ಜಾಗದಲ್ಲಿ ಮಾತ್ರ ಬೂದಿ ಬಣ್ಣದ ಒಂದು ಮಬ್ಬು.

ಗಾಜು ಕೊಳೆಯಾಗಿದೆ ಎಂದು ಒರೆಸಿದ. ಬಳೆ ಹೆಚ್ಚು ಬಿಗಿದು ಕೊಳವೆ ನಲುಗಿರಬೇಕು ಎಂದು ಬಿಚ್ಚಿ ಮತ್ತೆ ಕಟ್ಟಿದ. ಮುಂದೆ ಸರಿಸಿದ, ಹಿಂದೆ ಸರಿಸಿದ. ಹೀಗೆ ನಾಲ್ಕು ದಿನ ನಾಲ್ಕು ಸಲ ಆಯಿತು. ಬೇರೆ ಯಾರಾದರೂ ಬಂದು ಹೀಗೆ ಹೇಳಿದ್ದರೆ ‘ಕಣ್ಣು ತೋರಿಸ್ಕೋ ಹೋಗಯ್ಯ’ ಎನ್ನುತ್ತಿದ್ದನೇನೋ. ತನ್ನದೆಂದಾಗ ಅವನ ಬುದ್ಧಿಯೂ ಸ್ಕ್ರೂಗಳನ್ನು ಬಿಟ್ಟು ಆಚೆ ಹೋಗಲಿಲ್ಲ. ನಲವತ್ತು ವರ್ಷ ಸ್ಕ್ರೂ ನಂಬಿದವನು ಒಂದು ಯಂತ್ರ ಹೇಳಿದ್ದನ್ನು ಹೇಗೆ ನಂಬಿಯಾನು?

“ಹೊಡೆದು ನೋಡಿದ್ರೆ ಗೊತ್ತಾಗುತ್ತೆ,” ಎಂದ ಕೊನೆಗೆ.

ಗೇಲನ್ ಶನಿವಾರ ಬೆಳಿಗ್ಗೆ ಬಂದು ಹಳೆಯ ಜಲ್ಲಿ ಕ್ವಾರಿಗೆ ಕರೆದುಕೊಂಡು ಹೋದ. ನೆಲದ ಮೇಲೆ ತೆಳು ಹಿಮ ಕಟ್ಟಿತ್ತು. ಐವತ್ತು ಹೆಜ್ಜೆ ದೂರದಲ್ಲಿ ಮರದ ಚೌಕಟ್ಟಿಗೆ ಅಗಲವಾದ ಬಿಳಿ ಕಾಗದ ಹೊಡೆದು, ನಡುವೆ ಬಿಸ್ಕತ್ತಿನಗಲದ ಕರಿ ಬೊಟ್ಟು ಅಂಟಿಸಿದರು. ಆರ್ಡನ್ ಮರಳಚೀಲದ ಮೇಲೆ ಕೋವಿ ಮಲಗಿಸಿದ. ಬೊಟ್ಟು ನೇರ ನೋಡಿದರೆ ಮಾಯ, ಕಣ್ಣು ಓರೆ ಮಾಡಿದರೆ ಪ್ರತ್ಯಕ್ಷ, ಆದರೆ ಓರೆ ಮಾಡಿದ ಕೂಡಲೇ ಸ್ಕೋಪು ಪೂರ್ತಿ ಕತ್ತಲೆ. ಕಂಡ ಗೆರೆಗಳ ಅಂದಾಜಿನ ಮೇಲೆ ಮೂರು ಈಡು ಹೊಡೆದ. ಹೊಗೆ ಕ್ವಾರಿಯ ತುಂಬ ಹಬ್ಬಿ ಮೆಲ್ಲಗೆ ಹೋಯಿತು.

ಗೇಲನ್ ಹೋಗಿ ನೋಡಿ ಬಂದ. “ಒಂದು ಚೌಕಟ್ಟಿನ ಮೂಲೆಗೆ ತಾಗಿದೆ ಭಾವ. ಇನ್ನೆರಡು…”

“ಕಾಗದದ ಮೇಲಿಲ್ಲ.”

“ಇಲ್ಲ.”

“ನೀನು ಹೊಡಿ,” ಎಂದ ಆರ್ಡನ್. “ನಾನು ಕೂರಿಸಿದ್ದು ಸರಿಯಿದೆಯೋ ಇಲ್ವೋ ತಿಳೀಬೇಕು.”

ಗೇಲನ್ ಮೂರು ಸಲ ತುಂಬಿ ಮೂರು ಸಲ ಹೊಡೆದ. ನಡೆದು ಹೋಗಿ ಕಾಗದದ ಮುಂದೆ ಬೆನ್ನು ತೋರಿಸಿಕೊಂಡು ನಿಂತ. ಬೇಗ ತಿರುಗಿ ಬರಲಿಲ್ಲ. ಬಂದವನು ನೆಲಕ್ಕೆ ಉಗುಳಿದ.

“ಥೂ, ದರಿದ್ರ ಸ್ಕೋಪು ಭಾವ ಇದು! ನಂದೂ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಮೂರನೇದು ಎತ್ಲಾಗ್ ಹೋಯ್ತೋ ಗೊತ್ತೇ ಇಲ್ಲ. ನಿನ್ನ ತಪ್ಪೇನಿಲ್ಲ ಬಿಡು. ವಾಪಸ್ ಕಳ್ಸು ಇದನ್ನ.”

ಗೇಲನ್ ತನ್ನ ಗುರಿ ತಪ್ಪಿತು ಎಂದು ಬಾಯಿಬಿಟ್ಟು ಹೇಳಿದ್ದನ್ನು ಲಾರ್ಕಿನ್ ಊರಿನಲ್ಲಿ ಯಾರೂ ಕೇಳಿದವರಿಲ್ಲ. ಆರ್ಡನ್ ಎದ್ದ.

“ಎಲ್ಲಿಗೆ? ನೆಲ ಜಾರುತ್ತೆ, ಬೇಡ ಭಾವ. ನಾನೇ ನೋಡಿದ್ನಲ್ಲ!”

ಅವನು ನಿಲ್ಲಲಿಲ್ಲ. ಕಾಗದದ ಮುಂದೆ ನಿಂತು ಕೈಗವಸು ಬಿಚ್ಚಿ, ಮೇಲಿನ ಅಂಚಿನಿಂದ ಬೆರಳಾಡಿಸುತ್ತ ಬಂದ. ಎಡಕ್ಕೆ ನಯವಾಗಿತ್ತು. ಬಲಕ್ಕೂ ನಯವಾಗಿತ್ತು. ನಟ್ಟನಡುವೆ, ಬೊಟ್ಟಿನ ಮೇಲೆ, ಮೂರು ತೂತುಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಎರಡು ಬೆರಳಿಟ್ಟರೆ ಮೂರೂ ಮುಚ್ಚುತ್ತಿದ್ದವು. ಇಷ್ಟು ಚೆನ್ನಾಗಿ ಅವನು ಯಾರ ಸ್ಕೋಪನ್ನೂ ಕೂರಿಸಿರಲಿಲ್ಲ. ಹಾಗಾದರೆ ಕೆಟ್ಟದ್ದು ಸ್ಕ್ರೂ ಅಲ್ಲ. ಮೂರು ತೂತುಗಳನ್ನೂ ಇನ್ನೊಮ್ಮೆ ಬೆರಳಿನಿಂದ ಎಣಿಸಿ, ಕೈಗವಸು ಹಾಕಿಕೊಂಡ.

ವಾಪಸು ಬಂದಾಗ ಗೇಲನ್ ತಲೆ ತಗ್ಗಿಸಿಕೊಂಡು ಮದ್ದಿನ ಡಬ್ಬಿಗೆ ಮುಚ್ಚಳ ಹಾಕುತ್ತಿದ್ದ. ಆರ್ಡನ್ ಅವನ ಬೆನ್ನ ಮೇಲೆ ಕೈಯಿಟ್ಟ.

“ನಿಜ ಕಣೋ,” ಅಂದ. “ಸ್ಕೋಪೇ ಸರಿಯಿಲ್ಲ. ಈ ವರ್ಷ ನೀನೊಬ್ನೇ ಹೋಗ್ಬಾ.”