ಹನ್ನೊಂದು ವ್ಯಾಟಿನ ಬೆಳಕು

ಪುಣೆಯಲ್ಲಿ ಲೋಡ್ ಶೆಡ್ಡಿಂಗ್ ಜೋರಾಗಿದ್ದ ವರ್ಷಗಳಲ್ಲಿ ನಮ್ಮ ಮನೆಗೆ ಇನ್ವರ್ಟರ್ ಬಂತು. ಸ್ವಾರಗೇಟದ ಹತ್ತಿರ ಒಂದು ಲಾರಿ ಕಚೇರಿಯಲ್ಲಿ ನಾನು ಗುಮಾಸ್ತನಾಗಿದ್ದೆ. ಹೆಂಡತಿ ಧಾರವಾಡದ ಕಡೆಯವಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದಳು. ಕಟ್ಟಡದ ಹೆಂಗಸರೆಲ್ಲ ಅಳತೆಯ ಬ್ಲೌಸ್ ಹಿಡಿದುಕೊಂಡು ಅವಳ ಹತ್ತಿರವೇ ಬರುತ್ತಿದ್ದರು. ನಮಗೆ ಮಕ್ಕಳಿಲ್ಲ.

ಇನ್ವರ್ಟರ್ ಒಂದು ತಾಸೂ ತಡೆಯುತ್ತಿರಲಿಲ್ಲ. ನೋಡಲು ಬಂದ ಮರಾಠಿ ಎಲೆಕ್ಟ್ರಿಷಿಯನ್ ನನ್ನದೇ ವಯಸ್ಸಿನವನು. ಗೋಡೆಯ ಮೇಲಿನ ಮರದ ಬೋರ್ಡು, ಮುಟ್ಟಿದರೆ ಬಿಸಿಯಾಗಿರುತ್ತಿದ್ದ ಫ್ಯಾನಿನ ರೆಗ್ಯುಲೇಟರ್, ಗುಂಯ್‌ಗುಡುವ ಟ್ಯೂಬ್‌ಲೈಟಿನ ಚೋಕ್ ಎಲ್ಲವನ್ನೂ ನೋಡಿ, ಇನ್ವರ್ಟರಿನಲ್ಲಿ ದೋಷವಿಲ್ಲ, ನಿಮ್ಮ ಮನೆಯೇ ಕರೆಂಟು ತಿನ್ನುತ್ತಿದೆ ಎಂದ. ಅದು ನನಗೆ ಹಟದಂತೆ ಹಿಡಿಯಿತು. ಹಳೆಯ ತಂತಿ ಕೀಳಿಸಿ ಹೊಸದು ಎಳೆಸಿದೆ. ರೆಗ್ಯುಲೇಟರು, ಚೋಕು ಬದಲಾದವು. ಕೊನೆಗೆ ಕೋಣೆ ಕೋಣೆಯ ಹಳದಿ ಬಲ್ಬು ತೆಗೆದು ಹನ್ನೊಂದು ವ್ಯಾಟಿನ ಸಿ.ಎಫ್.ಎಲ್. ದೀಪ ಹಾಕಿದೆ. ಇನ್ವರ್ಟರ್ ನಾಲ್ಕು ತಾಸು ನಿಂತಿತು. ಕಚೇರಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದೆ.

ಒಂದೆರಡು ತಿಂಗಳಾಗಿರಬೇಕು. ಅಡುಗೆಮನೆಯಿಂದ ಅವಳು ಕರೆದಳು.

"ಇಲ್ಲಿ ಬೆಳಕು ಸಾಲವಲ್ದು ನೋಡ್ರಿ."

ನಾನು ದೀಪದ ಡಬ್ಬಿ ತಂದು ಅವಳ ಕೈಗೆ ಕೊಟ್ಟೆ. ಹನ್ನೊಂದು ವ್ಯಾಟು ಅರವತ್ತರ ಬಲ್ಬಿಗೆ ಸಮ ಎಂದು ಅದರ ಮೇಲೆ ಬರೆದಿತ್ತು. ಹಳದಿ ಹೋಗಿ ಬಿಳಿ ಬಂದದ್ದಕ್ಕೆ ನಿನಗೆ ಹಾಗನ್ನಿಸುತ್ತದೆ, ರೂಢಿಯಾಗುತ್ತದೆ ಎಂದೆ. ಅವಳು ಡಬ್ಬಿಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿ ವಾಪಸು ಕೊಟ್ಟಳು.

ಆಮೇಲೆ ಸಣ್ಣಪುಟ್ಟದ್ದು ಶುರುವಾಯಿತು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುವಳು. ಪಕ್ಕದಲ್ಲಿಟ್ಟ ನೀರಿನ ತಂಬಿಗೆ ಕೈಬಡಿದು ಉರುಳುವುದು. ಒಮ್ಮೆ ಕಪ್ಪು ಬ್ಲೌಸಿಗೆ ಕಡುನೀಲಿ ದಾರ ಹಾಕಿ ಹೊಲಿದಿದ್ದಳು; ಮೇಲಿನ ಮನೆಯಾಕೆ ನಗುತ್ತಲೇ ಅದನ್ನು ವಾಪಸು ತಂದಳು. ಎಲ್ಲಿರುತ್ತದೆ ನಿನ್ನ ಲಕ್ಷ್ಯ ಎಂದು ನಾನು ಗದರಿದೆ. ಹೊಲಿಗೆ ಯಂತ್ರವನ್ನು ಅವಳೇ ಎಳೆದು ಕಿಟಕಿಯ ಬುಡಕ್ಕೆ ಹಾಕಿಕೊಂಡಳು.

ಒಂದು ಸಂಜೆ ಕಚೇರಿಯಿಂದ ಬಂದಾಗ ಅಡುಗೆಮನೆ ಹಳದಿಯಾಗಿ ಬೆಳಗುತ್ತಿತ್ತು. ಸ್ಟೂಲು ಹತ್ತಿ ಹಳೆಯ ಬಲ್ಬನ್ನು ಹಾಕಿಕೊಂಡಿದ್ದಳು. ಅದರ ಕೆಳಗೆ ಕೂತು ಅಕ್ಕಿ ಆರಿಸುತ್ತಿದ್ದಳು. ನನಗೆ ಸಿಟ್ಟು ಬಂತು.

"ನಾ ಇಷ್ಟೆಲ್ಲಾ ಮಾಡಿದ್ದು ಯಾತಕ್ಕ?"

ಸ್ವಿಚ್ಚು ಆರಿಸಿ, ಬಲ್ಬು ತಣ್ಣಗಾಗುವವರೆಗೆ ನಿಂತು, ಅದನ್ನು ಬಿಚ್ಚಿ ಮತ್ತೆ ಸಿ.ಎಫ್.ಎಲ್. ಹಾಕಿದೆ. ಅಷ್ಟು ಹೊತ್ತೂ ಅವಳು ಮೊರ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಆಮೇಲೆ ಎದ್ದು ಬಾಲ್ಕನಿಗೆ ಹೋದಳು. ಅಲ್ಲಿ ಇನ್ನೂ ಒಂದಿಷ್ಟು ಸಂಜೆಬೆಳಕಿತ್ತು. ಅಂದಿನಿಂದ ಅವಳು ಬೆಳಕಿನ ಮಾತು ಎತ್ತಲಿಲ್ಲ. ರೂಢಿಯಾಯಿತು ಎಂದುಕೊಂಡೆ.

ಮರುವರ್ಷದ ಬೇಸಿಗೆಯಲ್ಲಿ ಇಂದಾಪುರದಲ್ಲಿದ್ದ ಅವಳ ಅಕ್ಕನ ಮನೆಗೆ ಹೋಗಿದ್ದೆವು. ತಿರುಗಿ ಬರುವಾಗ ಬಸ್ಸು ಸ್ವಾರಗೇಟ ಮುಟ್ಟಿದಾಗ ನಡುಮಧ್ಯಾಹ್ನ. ಚೀಲ ಹಿಡಿದು ನಾನು ಮೊದಲು ಇಳಿದೆ. ಅವಳು ಬಾಗಿಲಲ್ಲಿ ನಿಂತು ಒಂದು ಕಾಲನ್ನು ಗಾಳಿಯಲ್ಲಿ ಆಡಿಸುತ್ತ ಏನನ್ನೋ ಹುಡುಕುತ್ತಿದ್ದಳು. ಹಿಂದಿನವರು ಅವಸರ ಮಾಡುತ್ತಿದ್ದರು. ನಾನು ಚೀಲ ಇಳಿಸಿ ಕೈ ಚಾಚುವಷ್ಟರಲ್ಲಿ ಬಿದ್ದಳು. ಮೊಣಕಾಲು ತರಚಿತ್ತು. ಎಬ್ಬಿಸಲು ಬಗ್ಗಿದಾಗ ನನಗೊಬ್ಬನಿಗೇ ಕೇಳುವಂತೆ ಹೇಳಿದಳು.

"ಮೆಟ್ಟಲಾ ಕಾಣಲಿಲ್ರಿ."

ನೆತ್ತಿಯ ಮೇಲೆ ಸೂರ್ಯನಿದ್ದ. ಅಂಥ ಬಿಸಿಲಿನಲ್ಲಿ ಎದುರಿಗಿನ ಮೆಟ್ಟಿಲು ಕಾಣಲಿಲ್ಲ ಎಂದರೆ ಏನೆಂದು ನನಗೆ ಗೊತ್ತಾಯಿತು.

ಮೂರನೆಯ ದಿನ ಕ್ಯಾಂಪ್ ಬಡಾವಣೆಯಲ್ಲಿದ್ದ ಕಣ್ಣಿನ ಡಾಕ್ಟರರ ಹತ್ತಿರ ಹೋದೆವು. ಯಂತ್ರಕ್ಕೆ ಗದ್ದ ಊರಿಸಿ ಬಹಳ ಹೊತ್ತು ನೋಡಿದರು. ಮರಾಠಿಯಲ್ಲಿ ಕಾಚಬಿಂದು, ಅಂದರೆ ಗ್ಲಾಕೋಮಾ ಎಂದರು. ಕಣ್ಣೊಳಗಿನ ಒತ್ತಡಕ್ಕೆ ನರ ಒಣಗುತ್ತ ಬಂದಿದೆ, ನೋಟ ಅಂಚಿನಿಂದ ಒಳಗೊಳಗೆ ಹೋಗಿದೆ ಎಂದು ತಿಳಿಸಿ ಹೇಳಿದರು. ಮೋತಿಬಿಂದು, ಅಂದರೆ ಕಣ್ಣಿನ ಪೊರೆಯ ಹಾಗೆ ಆಪರೇಷನ್ ಮಾಡಿ ತೆಗೆಯಲಾಗುವುದಿಲ್ಲವೇ ಎಂದು ಕೇಳಿದೆ. ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಔಷಧದಿಂದ ಕಾಯಬೇಕು ಎಂದರು. ಮೊದಲೇ ಬಂದಿದ್ದರೆ ಇನ್ನೂ ಬಹಳ ಉಳಿಯುತ್ತಿತ್ತಂತೆ. ಯಾವಾಗಿನಿಂದ ಹೀಗೆ ಎಂದು ಅವಳನ್ನು ಕೇಳಿದರು. ಒಂದು ವರ್ಷದ ಮೇಲಾಯಿತು, ಮನೆಯ ದೀಪವೇ ಮಂಕು ಅಂದುಕೊಂಡಿದ್ದೆ ಎಂದಳು. ನನ್ನ ಡಬ್ಬಿಯ ವಿಷಯ ಹೇಳಲಿಲ್ಲ.

ರಿಕ್ಷಾದಲ್ಲಿ ಬರುವಾಗ ತಡೆಯಲಾಗದೆ ಕೇಳಿದೆ. "ಇಷ್ಟ ದಿನಾ ಯಾಕ ಹೇಳಲಿಲ್ಲ?"

"ಹೇಳಿದ್ನಲ್ರಿ," ಎಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ.

ಆ ವಾರ ಅಟ್ಟದಿಂದ ಹಳೆಯ ಬಲ್ಬುಗಳನ್ನೆಲ್ಲ ಇಳಿಸಿ ಕೋಣೆ ಕೋಣೆಗೂ ಹಾಕಿದೆ. ಮನೆ ಕಣ್ಣು ಕುಕ್ಕುವಂತಾಯಿತು. ಎರಡು ದಿನ ನೋಡಿ ಅವಳೇ ಅಂದಳು. "ತಗೀರಿ ಅವನ್ನ. ಭಾಳ ಶಕಿ ಆಗ್ತದ. ನನಗೇನ ಫರಕ್ ಇಲ್ಲ."

ಒಂದೊಂದಾಗಿ ತೆಗೆದೆ. ಸ್ಟೂಲಿನ ಮೇಲೆ ನಿಂತಲ್ಲೇ ಅಳು ಬಂತು. ಕೆಳಗೆ ಸ್ಟೂಲು ಹಿಡಿದುಕೊಂಡು ನಿಂತಿದ್ದ ಅವಳಿಗೆ ಅದು ಕಾಣಲಿಲ್ಲ.

ಆರು ತಿಂಗಳು ಹೇಗೋ ಹೊಲಿದಳು. ಆಮೇಲೆ ಮೇಲಿನ ಮನೆಯಾಕೆ ಕೊಟ್ಟಿದ್ದ ಬಟ್ಟೆಯನ್ನು ಕತ್ತರಿಸದೆ ಹಾಗೆಯೇ ಮಡಚಿ ತಿರುಗಿ ಕೊಟ್ಟಳು. ಬೇರೆ ಯಾರಲ್ಲಾದರೂ ಹೊಲಿಸಿಕೊಳ್ಳಿ ಎಂದು ಮರಾಠಿಯಲ್ಲಿ ಹೇಳಿ, ಒಂದು ಒಳ್ಳೆಯ ದರ್ಜಿಯ ವಿಳಾಸವನ್ನೂ ತಿಳಿಸಿದಳು.

ಬೆಳಿಗ್ಗೆ ಸಂಜೆ ಅವಳ ಕಣ್ಣಿಗೆ ಹನಿ ಹಾಕುವುದು ಈಗ ನನ್ನ ಕೆಲಸ. ಬಲಗಣ್ಣಿನ ನಡುವೆ ಒಂದು ಕಿಂಡಿಯಷ್ಟು ನೋಟ ಉಳಿದಿದೆ. ಪಕ್ಕದಲ್ಲಿ ಕೂತರೆ ನಾನು ಅವಳಿಗೆ ಕಾಣುವುದಿಲ್ಲ. ಅದಕ್ಕೆ ಊಟಕ್ಕೂ ಚಹಾಕ್ಕೂ ಅವಳ ನೇರ ಎದುರಿಗೇ ಕೂರುತ್ತೇನೆ. ಅವಳು ಏನಾದರೂ ಹೇಳಿದರೆ, ಹೇಳಿ ಮುಗಿಸುವವರೆಗೆ ಬಾಯಿ ತೆರೆಯುವುದಿಲ್ಲ.