ಗಂಟಲಲ್ಲಿ ಸಿಗದ ವೈರಾಣು, ಮುನಿಲಕ್ಷ್ಮಿ ಹಿಡಿದ ಡಬ್ಬಿ

ಬೆಳಗಿನ ಆರೂವರೆ. ನಂದಿದುರ್ಗ ಚಿನ್ನದ ಗಣಿಯ ಹಳೆಯ ಕಾರ್ಮಿಕರ ಸಾಲುಮನೆಗಳಲ್ಲಿ ಆಗಷ್ಟೇ ಒಲೆ ಹೊತ್ತುತ್ತಿವೆ. ಮುನಿಲಕ್ಷ್ಮಿ ಒಂದು ಬಾಗಿಲ ಮುಂದೆ ನಿಂತು ಮಾಸ್ಕ್ ಏರಿಸಿಕೊಂಡು, ಮುಚ್ಚಳವಿರುವ ಪುಟ್ಟ ಪ್ಲಾಸ್ಟಿಕ್ ಡಬ್ಬಿಯನ್ನು ಆ ಮನೆಯ ಸೆಲ್ವರಾಜ್ ಕೈಗೆ ಕೊಡುತ್ತಾರೆ.

"ಕಾಫಿ ಕುಡ್ದಿಲ್ಲ ತಾನೆ, ಅಣ್ಣ?"

"ನಿನ್ ಭಯಕ್ಕೆ ನೀರೂ ಕುಡ್ದಿಲ್ಲಮ್ಮಾ."

"ಬಾಯಿ ಮುಕ್ಕಳಿಸಿ ಒರಗಡೆ ಬನ್ನಿ. ಉಗುಳು ಬೇಡ, ಎದೆಯಿಂದ ಕೆಮ್ಮಿ ತೆಗೀಬೇಕು."

ರಾತ್ರಿಯಿಡೀ ಎದೆಯಲ್ಲಿ ಕಟ್ಟಿದ ಕಫ ಬೆಳಗಿನ ಮೊದಲ ಕೆಮ್ಮಿಗೆ ಬರುತ್ತದೆ. ರೋಗಾಣು ಇದ್ದರೆ ಸಿಕ್ಕುವುದೂ ಅದರಲ್ಲೇ. ಅದಕ್ಕೇ ಬುಧವಾರಗಳಂದು ಅವರು ಹಸು ಕರೆಯುವ ಕೆಲಸವನ್ನು ಗಂಡ ಮುನೇಶ್‌ಗೆ ಬಿಟ್ಟು, ಬೇತಮಂಗಲದ ಬಳಿಯ ಹಳ್ಳಿಯಿಂದ ಮೊದಲ ಬಸ್ಸು ಹಿಡಿಯುತ್ತಾರೆ. ವಯಸ್ಸು ನಲವತ್ಮೂರು. ಬಂಗಾರಪೇಟೆಯ ಸಣ್ಣದೊಂದು ಆಸ್ಪತ್ರೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷದ ಗುತ್ತಿಗೆ ನೌಕರಿ. ದಿನಕ್ಕೆ ನಲವತ್ತು ರಕ್ತದ ಮಾದರಿ, ಹತ್ತು ಹನ್ನೆರಡು ಕಫದ ಡಬ್ಬಿ.

2021ರ ಮೇ ತಿಂಗಳ ಲೆಕ್ಕ ಬೇರೆಯೇ. ಆಗ ದಿನಕ್ಕೆ ನೂರೆಂಬತ್ತು ಜನರ ಮೂಗು, ಗಂಟಲಿಗೆ ಕಡ್ಡಿ ಹಾಕಿ ಕೊರೋನಾ ಪರೀಕ್ಷೆಗೆ ಕಳಿಸುತ್ತಿದ್ದರು. ಆ ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬರು ಜಯರಾಮಪ್ಪ ಎಂಬ ರೈತ. ಎರಡು ಸಲವೂ ನೆಗೆಟಿವ್.

"ನಿಮ್ಗೇನೂ ಇಲ್ಲ, ಮನೆಗೆ ಓಗಿ ಅಂತ ನಾನೇ ಕಳಿಸ್ದೆ. ಅವರ ಎಂಡ್ತಿ ನಂಗೆ ಕೈ ಮುಗಿದ್ರು" ಎನ್ನುವಾಗ ಮುನಿಲಕ್ಷ್ಮಿ ನೆಲ ನೋಡುತ್ತಾರೆ. ನಾಲ್ಕು ದಿನಕ್ಕೆ ಜಯರಾಮಪ್ಪ ಉಸಿರು ಸಿಗದೆ ತೀರಿಕೊಂಡ ಸುದ್ದಿ ಬಂತು. ಮುನಿಲಕ್ಷ್ಮಿಗೆ ಅನ್ನ ಸೇರಲಿಲ್ಲ. ತನ್ನ ಕಡ್ಡಿ ಎಲ್ಲಿ ತಪ್ಪಿತು ಎಂದು ಆಸ್ಪತ್ರೆಯ ಡಾ. ನವ್ಯ ಅವರನ್ನು ಕೇಳಿದರು. ಕಡ್ಡಿ ತಪ್ಪಿರಬೇಕೆಂದೇನೂ ಇಲ್ಲ, ವೈರಾಣು ಅಲ್ಲಿಂದ ಇಳಿದುಹೋಗಿರಬಹುದು ಎಂದರು ಡಾಕ್ಟರು.

ಅಂದು ಕಲಿತದ್ದನ್ನು ಮುನಿಲಕ್ಷ್ಮಿ ತಮ್ಮದೇ ಮಾತಿನಲ್ಲಿ ಹೇಳುತ್ತಾರೆ: "ಅದು ಮೈಯೆಲ್ಲ ಒಂದೇ ಸಮ ಇರಲ್ಲ. ಮೊದ್ಲು ಮೂಗು, ಗಂಟ್ಲು. ವಾರ ಕಳೀತು ಅಂದ್ರೆ ಕೆಲವ್ರಿಗೆ ಶ್ವಾಸಕೋಶದ ತಳದಾಗೆ ಕೂತ್ಕಂಬುಡ್ತದೆ. ಕೆಲವ್ರಿಗೆ ಒಟ್ಟೇನೂ ಕೆಡಿಸ್ತದೆ. ಗಂಟ್ಲಾಗೆ ಉಡುಕಿದ್ರೆ ಎಲ್ಲಿ ಸಿಕ್ತದೆ?"

ಜಯರಾಮಪ್ಪ ತೀರಿಕೊಂಡು ಎಂಟು ದಿನ ಕಳೆದ ಮೇಲೆ ಸೆಲ್ವರಾಜ್ ಆಸ್ಪತ್ರೆಗೆ ಬಂದರು. ಇಪ್ಪತ್ತೆರಡು ವರ್ಷ ಗಣಿ ಕೊರೆದ ಎದೆ. ಎಕ್ಸ್‌ರೇಯಲ್ಲಿ ಮೊದಲೇ ದೂಳಿನ ಕಲೆ. ಗಂಟಲ ಪರೀಕ್ಷೆ ಎರಡು ಸಲವೂ ನೆಗೆಟಿವ್. ಗಣಿಯ ದೂಳಿನ ಕಾಯಿಲೆ ಎಂದು ಬರೆದು ಮನೆಗೆ ಕಳಿಸಲು ಚೀಟಿ ಸಿದ್ಧವಾಗಿತ್ತು. ಅವರು ಮಲಗಿದ್ದ ಮಂಚಕ್ಕೆ ಹೊರಗೆ ಆರು ಜನ ಕಾದಿದ್ದರು.

"ಅದ್ನ ಏಳೋದು ನನ್ ಕೆಲ್ಸ ಅಲ್ಲ. ಆದ್ರೂ ಏಳ್ದೆ. ಮೇಡಂ, ಕಫ ಒಂದ್ಸಲ ನೋಡಾಣ ಅಂದೆ" ಎನ್ನುತ್ತಾರೆ ಮುನಿಲಕ್ಷ್ಮಿ.

ಡಾ. ನವ್ಯ ಚೀಟಿಯನ್ನು ಪಕ್ಕಕ್ಕಿಟ್ಟರು. ಕಫ ತೆಗೆಸುವುದು ಅಪಾಯದ ಕೆಲಸ, ಪ್ರತಿ ಕೆಮ್ಮಿಗೂ ವೈರಾಣು ಗಾಳಿಗೆ ಹಾರುತ್ತದೆ. ಮುನಿಲಕ್ಷ್ಮಿ ರೋಗಿಯನ್ನು ಹಿತ್ತಲಿನ ಬಯಲಿನಲ್ಲಿ ಕೂರಿಸಿ, ಗಾಳಿ ಬರುವ ದಿಕ್ಕಿಗೆ ತಾವು ನಿಂತು, ಅರ್ಧ ಗಂಟೆ ಕಾದು ಡಬ್ಬಿ ತುಂಬಿಸಿಕೊಂಡರು. ಮರುದಿನ ಸಂಜೆ ವರದಿ ಬಂತು: ಪಾಸಿಟಿವ್.

ವೈರಾಣುವನ್ನು ಒಂದೇ ಏಟಿಗೆ ಕೊಲ್ಲುವ ಮದ್ದು ಇರಲಿಲ್ಲ. ಆಮ್ಲಜನಕ, ಶ್ವಾಸಕೋಶದ ಉರಿಯೂತ ತಗ್ಗಿಸುವ ಸ್ಟೀರಾಯ್ಡ್, ಜೊತೆಗೆ ಗಂಟೆಗಟ್ಟಲೆ ಬೋರಲು ಮಲಗುವುದು. "ಇಪ್ಪತ್ತೆರಡು ವರ್ಸ ಭೂಮಿ ಒಳ್ಗೆ ಬೋರ್ಲು ಬಿದ್ದು ಕಲ್ಲು ಕೊರ್ದಿದೀನಿ. ಮಂಚದ್ ಮೇಲೆ ಬೋರ್ಲು ಬೀಳೋದು ಏನು ದೊಡ್ದು" ಎಂದು ಸೆಲ್ವರಾಜ್ ಈಗ ನಗುತ್ತಾರೆ. ಹದಿನೇಳನೇ ದಿನ ನಡೆದುಕೊಂಡೇ ಮನೆಗೆ ಹೋದರು.

ಅಲ್ಲಿಂದ ಶುರುವಾದದ್ದು ಈ ಬುಧವಾರದ ಸುತ್ತು. ದೂಳು ತಿಂದ ಎದೆಗಳ ಅರವತ್ತೆರಡು ಮಾಜಿ ಕಾರ್ಮಿಕರ ಪಟ್ಟಿ ಮುನಿಲಕ್ಷ್ಮಿಯ ಬಳಿಯಿದೆ. ಯಾರಿಗೆ ಹೊಸ ಕೆಮ್ಮು ಬಂದರೂ ದೂಳೆಂದು ಬಿಡುವಂತಿಲ್ಲ, ಕಫ ನೋಡಲೇಬೇಕು. ಕಳೆದ ವರ್ಷ ಮೂವರಿಗೆ ಕ್ಷಯ ಆರಂಭದಲ್ಲೇ ಸಿಕ್ಕಿತು, ಮೂವರೂ ಗುಣವಾದರು.

ಒಂಬತ್ತು ಡಬ್ಬಿಗಳನ್ನು ತಂಪುಪೆಟ್ಟಿಗೆಯಲ್ಲಿ ಜೋಡಿಸಿ ಮುನಿಲಕ್ಷ್ಮಿ ಬಸ್ಸಿಗೆ ಹೊರಡುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ನೌಕರಿ ಕಾಯಂ ಆಗಲಿ ಎನ್ನಬಹುದಿತ್ತು. ಅವರು ಹೇಳುವುದು ಬೇರೆ:

"ಲ್ಯಾಬಿಂದ ನಾವು ರಿಪೋರ್ಟ್ ಕಳಿಸ್ತೀವಿ, ಅಷ್ಟೇ. ಆಮೇಲೆ ಆ ಮನುಷ್ಯ ಏನಾದ್ರು ಅಂತ ಯಾರೂ ತಿಳಿಸಲ್ಲ. ಇಂಥೋರು ಉಷಾರಾಗಿ ಮನೆಗೆ ಓದ್ರು ಅಂತ ಒಂದು ಮಾತು ಕಿಟಕಿ ತಾವ ಬಂದು ಏಳಿದ್ರೆ ಸಾಕು, ಆವತ್ತಿನ ಕೆಲ್ಸ ಅಗುರಾಗ್ತದೆ."