ಹೂಂಗುಟ್ಟುವ ಮಾಸ್ತರು

ಕಥೆ ಕೇಳುವಾಗ ವೀರಭದ್ರಪ್ಪ ಮಾಸ್ತರು ‘ಹೂಂ’ ಅನ್ನುತ್ತಿದ್ದುದು ಪಕ್ಕದ ಮನೆಗೂ ಕೇಳಿಸುತ್ತಿತ್ತು. ರಾಜ ಬೇಟೆಗೆ ಹೊರಟರೆ ಒಂದು ಗಿಡ್ಡ ಹೂಂ. ಮಲತಾಯಿ ಅನ್ನದಲ್ಲಿ ವಿಷ ಕಲಸಿದರೆ ಮೂಗಿನಿಂದ ಎಳೆದ ಉದ್ದನೆಯ ಹೂಂ. ರಾಜಕುಮಾರಿ ಗಿಳಿಯಾದಳು ಅಂದರೆ, “ಹೂಂ, ಆಗಬೇಕಲ್ಲ ಮತ್ತ!” ಎಂದು ತೊಡೆ ತಟ್ಟುತ್ತಿದ್ದರು. ಹೇಳುವ ಅಜ್ಜಿಗೆ ಅಷ್ಟು ಸಾಕು, ಕಥೆ ಏಳು ಸಮುದ್ರ ದಾಟಿಯೇ ನಿಲ್ಲುತ್ತಿತ್ತು.

ಕುಷ್ಟಗಿಯ ಹೈಸ್ಕೂಲಿನಲ್ಲಿ ಅವರು ನನಗೆ ಕನ್ನಡ ಕಲಿಸಿದವರು. ನಾನು ಕೊಪ್ಪಳದಲ್ಲಿ ಉಪನ್ಯಾಸಕನಾಗಿ ಎಷ್ಟೋ ವರ್ಷದ ಮೇಲೆ ಅವರಿಗೆ ಪಿಎಚ್.ಡಿ. ಹುಚ್ಚು ಹಿಡಿಯಿತು. ವಿಷಯ, ನಮ್ಮ ಸೀಮೆಯ ಅಜ್ಜಿಕಥೆಗಳ ಭಾಷೆ ಮತ್ತು ಅವನ್ನು ಹೇಳುವ ರೀತಿ. ನಿವೃತ್ತಿಯೊಳಗೆ ಪದವಿ ಬರಬೇಕೆಂಬ ಹಟ ಬೇರೆ. “ಹೆಸರಿನ ಮುಂದ ಡಾಕ್ಟರ್ ಅಂತ ಬರ್ಲಿ. ಓಣಿಯವರು ಗುಳಿಗಿ ಕೇಳಾಕ ಬಂದ್ರೂ ಅಡ್ಡಿಯಿಲ್ಲ,” ಎನ್ನುತ್ತಿದ್ದರು. ಭಾನುವಾರ ಬಂತೆಂದರೆ ನನ್ನ ಬೈಕಿನ ಹಿಂದೆ ಅವರು, ಅವರ ಕೊರಳಲ್ಲಿ ರೆಕಾರ್ಡರು.

ಗಂಗಾವತಿ ಕಡೆಯ ಕಥೆಗಳಲ್ಲಿ ರಾಕ್ಷಸ ಕಾಲುವೆಯ ತೂಬಿನ ಹತ್ತಿರ ಇರುತ್ತಾನೆ, ಯಲಬುರ್ಗಾ ಕಡೆ ಹಾಳುಬಾವಿಯಲ್ಲಿ. ಆನೆಗೊಂದಿಯಲ್ಲಿ ಅವನಿಗೆ ಬಂಡೆಗಳ ಸಂದಿಯೇ ಸಾಕು. ರಾಣಿ ಮಾತ್ರ ಎಲ್ಲ ಕಡೆಯೂ ತಾನೇ ರೊಟ್ಟಿ ಬಡಿಯುತ್ತಾಳೆ. ಇದನ್ನೆಲ್ಲ ಮಾಸ್ತರು ನೋಟುಬುಕ್ಕಿನಲ್ಲಿ ದುಂಡಗೆ ಬರೆದಿಡುತ್ತಿದ್ದರು. “ಅರಮನಿ ನೋಡದವರು ಕಟ್ಟಿದ ಅರಮನಿ ಇದು, ತಮ್ಮಾ. ಅಡಗಿ ಮಾಡವ್ರು ಎಲ್ಲಿಂದ ಬರಬೇಕು?” ಎಂದು ನಗುತ್ತಿದ್ದರು.

ಇಟಗಿಯಲ್ಲಿ ಒಮ್ಮೆ ನನ್ನ ಮರ್ಯಾದೆ ಹೋಯಿತು. ಗಂಗವ್ವ ಎಂಬ ಅಜ್ಜಿ ಶೇಂಗಾ ಸುಲಿಯುತ್ತ ಕಥೆ ಹೇಳುತ್ತಿದ್ದಳು. ಮಾಸ್ತರು ಫೋನು ಬಂತೆಂದು ಹೊರಗೆ ಹೋದರು. ರೆಕಾರ್ಡಿಂಗ್ ಕೆಡಬಾರದೆಂದು ನಾನು ಉಸಿರು ಬಿಗಿಹಿಡಿದು ಕೂತೆ. ಎರಡು ಮಾತಾಡಿ ಅಜ್ಜಿ ನಿಲ್ಲಿಸಿಬಿಟ್ಟಳು.

“ಯಾಕ್ರೀ ಆಯಿ, ಮರತ್ರೇನು?”

“ನಾ ಎದಕ್ಕ ಮರೀಲಿ? ನೀ ಜೀವಂತ ಅದಿಯೋ ಇಲ್ಲೋ ಅಂತ ನೋಡಾಕತ್ತೀನಿ.”

ಬಾಗಿಲಲ್ಲಿ ನಿಂತಿದ್ದ ಮಾಸ್ತರು ಬಿದ್ದು ಬಿದ್ದು ನಕ್ಕರು. “ಒಂದ ಕೈಲೆ ಚಪ್ಪಾಳಿ ಆಕ್ಕೈತೇನಲೇ? ಹೂಂ ಅನ್ನವರಿಲ್ಲದ ಕಥಿ ಮುಂದಕ್ಕ ಹೋಗಂಗಿಲ್ಲ.”

ಇದನ್ನು ಅವರ ಮಾರ್ಗದರ್ಶಕರಿಗೆ ಯಾರು ಹೇಳಬೇಕು? ರೆಕಾರ್ಡಿಂಗಿನ ನಡುವೆ ಸಂಶೋಧಕನ ದನಿ ಬರಬಾರದು, ಶುದ್ಧ ಪಾಠ ಬೇಕು, ಇಲ್ಲದಿದ್ದರೆ ಪ್ರಬಂಧವನ್ನು ಮುಂದೆ ಕಳಿಸುವುದಿಲ್ಲ ಎಂದುಬಿಟ್ಟರು. ನಿವೃತ್ತಿಗೆ ಐದು ತಿಂಗಳಿತ್ತು. ಮತ್ತೆ ಅಷ್ಟೂ ಊರು ಸುತ್ತುವುದು ಆಗದ ಮಾತು. ಮಾಸ್ತರು ಮಂಕಾಗಿ ಕೂತರು. ಕಂಪ್ಯೂಟರ್ ಬಲ್ಲೆನೆಂಬ ಜಂಬ ನನಗೆ. “ಬಿಡ್ರಿ ಸರ, ನಾ ಮಾಡಿಕೊಡ್ತೀನಿ,” ಅಂದೆ. ಮೂರು ವಾರ ಕೂತು, ಮಾಸ್ತರ ಒಂದೊಂದೇ ಹೂಂ, ಒಂದೊಂದೇ ಮಾತು ಹುಡುಕಿ, ಅಷ್ಟಷ್ಟು ಜಾಗದ ದನಿಯನ್ನು ಅಳಿಸಿದೆ. ರೆಕಾರ್ಡರಿನಲ್ಲಿದ್ದ ಮೂಲದ ಮೇಲೆಯೇ ಹೊಸದನ್ನು ಹಾಕಿದೆ, ಮೂಲ ಅಳಿಸಿಹೋಯಿತು. ಎರಡೆರಡು ಪ್ರತಿ ಯಾಕೆ ಎಂಬ ಶಾಣ್ಯಾತನ!

ಹಾಗೆ ತೊಳೆದ ಕಥೆಯನ್ನು ಮಾಸ್ತರಿಗೆ ಕೇಳಿಸಿದೆ. ಗಂಗವ್ವ ಒಂದು ಮಾತು ಹೇಳುತ್ತಾಳೆ, ನಿಲ್ಲುತ್ತಾಳೆ, ಇನ್ನೊಂದು ಹೇಳುತ್ತಾಳೆ. ಸ್ವಲ್ಪ ಹೊತ್ತು ಕೇಳಿ, “ಈಕಿ ಯಾರಿಗೆ ಹೇಳಾಕತ್ತಾಳೋ ತಮ್ಮಾ?” ಅಂದರು. ನಾನು ಕಥೆ ನಿಲ್ಲಿಸಿದೆ. “ಇರ್ಲಿ, ಕಳಿಸು,” ಎಂದು ಎದ್ದರು.

ಪದವಿ ಬಂತು. ಮನೆಯ ಬೋರ್ಡಿನ ಮೇಲೆ ‘ಡಾ.’ ಸೇರಿತು. ಎರಡು ವರ್ಷಕ್ಕೆ ಮಾಸ್ತರು ಎದೆನೋವು ಅಂದವರು ಹಾಗೆಯೇ ಹೋಗಿಬಿಟ್ಟರು.

ತಿಂಗಳ ಮೇಲೆ ಅವರ ಹೆಂಡತಿ ಶಾಂತಮ್ಮ ನನ್ನನ್ನು ಕರೆಸಿದರು. ಫೋಟೊಗಳು ಬೇಕಾದಷ್ಟಿವೆ, ದನಿ ಮಾತ್ರ ಯಾರ ಮೊಬೈಲಿನಲ್ಲೂ ಸಿಕ್ಕಿಲ್ಲ. “ನಿಮ್ಮ ಕಥಿಯೊಳಗ ಇರಬೇಕಲ್ಲ, ಹಚ್ಚಪಾ,” ಅಂದರು. ನಿಜ ಹೇಳುವ ಧೈರ್ಯ ಬರಲಿಲ್ಲ, ರೆಕಾರ್ಡರು ಹಚ್ಚಿದೆ. ಗಂಗವ್ವನ ಕಥೆ ಪೂರ್ತಿ ಮುಗಿಯಿತು. ಶಾಂತಮ್ಮ ಕೈಕಟ್ಟಿ ಕೂತೇ ಇದ್ದರು.

“ಇದರಾಗ ಅವರೆಲ್ಲಿ ಅದಾರೋ?”

“ಇಲ್ರೀ ಅಕ್ಕಾರ. ನಾನ ತೆಗದೀನಿ.”

ಯಾಕೆ, ಹೇಗೆ, ಎಲ್ಲ ಹೇಳಿದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಅವರು ಬೈಯಲಿಲ್ಲ. ಸೆರಗಿನಿಂದ ಕಣ್ಣೊರಸಿಕೊಂಡು ರೆಕಾರ್ಡರಿನ ಹತ್ತಿರ ಸರಿದು ಕೂತರು.

“ಇನ್ನೊಮ್ಮೆ ಹಚ್ಚು,” ಅಂದರು. “ಆಕಿ ಸುಮ್ಮನಾದಲ್ಲೆಲ್ಲ ಅವರು ಹೂಂ ಅಂದಿರ್ತಾರ.”